ತೆಂಗಿನ ಕೆಂಪು ಮೂತಿ ಹುಳು: ರೂಪ ಮತ್ತು ನೆಲೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆಯ ತೆಂಗಿನ ಬೆಳೆಗಾರರು ತೋಟದ ಬದುವಿನಲ್ಲಿ, ಕೊಬ್ಬರಿ ಮಾರುಕಟ್ಟೆಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲಿಯೇ ಇಟ್ಟುಕೊಂಡು ಇಲ್ಲಿ ಉತ್ತರಿಸಲಾಗಿದೆ. ಕೇಳುವವರಿಗೆ ಔಷಧಿಯ ಹೆಸರೇ ಮೊದಲು ಬೇಕಾಗಿರುತ್ತದೆ. ಆದರೆ ಈ ಪುಟ ಹುಳುವಿನ ರೂಪಕ್ಕೂ ಅದು ನೆಲೆಸುವ ಜಾಗಕ್ಕೂ ಮೀಸಲು. ಗುರುತು ತಪ್ಪಿ, ಇಲ್ಲದ ಹುಳುವಿಗೆ ಮದ್ದು ಸುರಿದು ದುಡ್ಡನ್ನೂ ಮರವನ್ನೂ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿಯಾಗಿದೆ.

## ಮೊದಲ ಪರಿಚಯ

ಕೆಂಪು ಮೂತಿ ಹುಳು ಅಂತೀರಿ, ತೋರಿಸೋದು ದುಂಬಿ. ಇದು ಹುಳುವೋ ದುಂಬಿಯೋ?

ಎರಡೂ ಹೌದು. ಮೊಟ್ಟೆಯೊಡೆದು ಬರುವುದು ಕಾಲಿಲ್ಲದ ಬಿಳಿ ಮರಿಹುಳು. ಅದೇ ಮುಂದೆ ಕೋಶವಾಗಿ, ಕೋಶದಿಂದ ರೆಕ್ಕೆ ಬಲಿತ ದುಂಬಿಯಾಗಿ ಹೊರಬರುತ್ತದೆ. ಮರವನ್ನು ಒಳಗಿಂದೊಳಗೆ ತಿಂದು ಕೆಡವುವುದು ಮರಿಹುಳು, ಒಂದು ಮರದಿಂದ ಇನ್ನೊಂದು ಮರಕ್ಕೆ ಸಂತತಿಯನ್ನು ಹೊತ್ತೊಯ್ಯುವುದು ದುಂಬಿ. ವಿಜ್ಞಾನಿಗಳು ಇದನ್ನು ರಿಂಕೋಫೋರಸ್ ಫೆರುಗಿನಿಯಸ್ ಎಂದು ಕರೆಯುತ್ತಾರೆ. ಮೊದಲ ಪದಕ್ಕೆ ಮೂತಿ ಹೊತ್ತದ್ದು ಎಂದೂ ಎರಡನೆಯದಕ್ಕೆ ತುಕ್ಕಿನ ಬಣ್ಣದ್ದು ಎಂದೂ ಅರ್ಥ. ಎರಡನೆಯ ಪದ 1790ರಲ್ಲಿ ಫ್ರಾನ್ಸಿನ ಒಲಿವಿಯೆ ಎಂಬ ಕೀಟತಜ್ಞ ಕೊಟ್ಟದ್ದು. ಈ ಹೆಸರನ್ನೂ ನಮ್ಮ ರೈತರು ತಾವಾಗಿಯೇ ಇಟ್ಟ ಹೆಸರನ್ನೂ ಪಕ್ಕಪಕ್ಕದಲ್ಲಿಟ್ಟರೆ ಇಬ್ಬರೂ ಕಂಡದ್ದು ಒಂದನ್ನೇ ಎಂದು ತಿಳಿಯುತ್ತದೆ.

ನಿಜಕ್ಕೂ ಕೆಂಪಗಿರುತ್ತಾ? ನಾನು ನೋಡಿದ್ದು ಇಟ್ಟಿಗೆ ಬಣ್ಣದ್ದು, ಬೆನ್ನ ಮೇಲೆ ಕಪ್ಪು ಚುಕ್ಕೆ ಇತ್ತು.

ನೀವು ನೋಡಿದ್ದು ಅದನ್ನೇ. ಹೆಸರಿನಲ್ಲಿ ಕೆಂಪು ಎಂದಿದ್ದರೂ ಕುಂಕುಮದ ಕೆಂಪನ್ನು ಹುಡುಕಬಾರದು. ಹಳೆಯ ಹೆಂಚು, ತುಕ್ಕು ಹಿಡಿದ ಕುಡುಗೋಲು, ಇಟ್ಟಿಗೆ, ಈ ಮೂರರ ನಡುವೆ ಎಲ್ಲೋ ಇರುವ ಕಂದುಗೆಂಪು ಅದು. ಮೂತಿಯಷ್ಟೇ ಅಲ್ಲ, ಮೈಯೆಲ್ಲ ಅದೇ ಬಣ್ಣ. ಉದ್ದ ಸುಮಾರು 35 ಮಿಲಿಮೀಟರ್, ಅಗಲ ಸುಮಾರು 10 ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಮೇಲಿನ ಗಿಣ್ಣಿನಷ್ಟು. ತಲೆಯ ಹಿಂದಿನ ಎದೆಯ ಭಾಗದ ಮೇಲೆ ಕಪ್ಪು ಚುಕ್ಕೆಗಳಿರುತ್ತವೆ. ಇವುಗಳ ಸಂಖ್ಯೆ, ಆಕಾರ, ಗಾತ್ರ ಹುಳುವಿನಿಂದ ಹುಳುವಿಗೆ ಬದಲಾಗುವುದರಿಂದ ಚುಕ್ಕೆ ಎಣಿಸಿ ಗುರುತು ಹಿಡಿಯುವ ಕೆಲಸ ಬೇಡ.

ಅಂಗೈಯಲ್ಲಿಟ್ಟುಕೊಂಡು ನೋಡಿದರೆ ಇನ್ನೂ ಮೂರು ಸಂಗತಿಗಳು ಕಾಣುತ್ತವೆ. ತಲೆ ಮುಂದಕ್ಕೆ ಚಾಚಿಕೊಂಡು ಕೆಳಕ್ಕೆ ಬಾಗಿದ ಸೊಂಡಿಲಾಗಿದೆ, ಕಚ್ಚುವ ದವಡೆಗಳು ಆ ಸೊಂಡಿಲಿನ ತುದಿಯಲ್ಲಿವೆ. ಸೊಂಡಿಲಿನ ಬುಡದ ಎರಡು ಬದಿಯಿಂದ ಹೊರಟ ಮೀಸೆಗಳು ಮೊಣಕೈಯಂತೆ ಮಡಿಚಿಕೊಂಡು, ತುದಿಯಲ್ಲಿ ಗದೆಯಂತೆ ದಪ್ಪಗಾಗಿವೆ. ಬೆನ್ನಿನ ಗಟ್ಟಿ ರೆಕ್ಕೆಗಳ ಮೇಲೆ ಉಳುಮೆಯ ಸಾಲಿನಂತೆ ಉದ್ದುದ್ದ ಗೀರುಗಳಿವೆ. ಈ ರೆಕ್ಕೆಗಳು ಹೊಟ್ಟೆಯನ್ನು ಪೂರ್ತಿ ಮುಚ್ಚುವಷ್ಟು ಉದ್ದವಿಲ್ಲ, ಹಿಂಭಾಗದ ಚೂಪು ತುದಿ ಗಿಡ್ಡ ಅಂಗಿ ತೊಟ್ಟವರ ಹಾಗೆ ಹೊರಗೆ ಇಣುಕುತ್ತಿರುತ್ತದೆ.

ಗಂಡು ಯಾವುದು, ಹೆಣ್ಣು ಯಾವುದು ಅಂತ ಕಣ್ಣಳತೆಯಲ್ಲೇ ಹೇಳಬಹುದಾ?

ಹೇಳಬಹುದು. ಸೊಂಡಿಲನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ತುದಿಯ ಅರ್ಧಭಾಗದ ಮೇಲ್ಮೈಯಲ್ಲಿ ಹಲ್ಲುಜ್ಜುವ ಬ್ರಷ್ಷಿನಂತೆ ಕಂದು ಕೂದಲಿನ ಕುಚ್ಚು ಇದ್ದರೆ ಅದು ಗಂಡು. ಕೂದಲಿಲ್ಲದೆ ನುಣುಪಾಗಿ, ಸ್ವಲ್ಪ ಉದ್ದವಾಗಿ, ತೆಳ್ಳಗೆ, ಹೆಚ್ಚು ಬಾಗಿಕೊಂಡಿದ್ದರೆ ಹೆಣ್ಣು. ಹೆಣ್ಣಿನ ಸೊಂಡಿಲು ಹಾಗಿರುವುದಕ್ಕೆ ಕಾರಣವಿದೆ: ಮರದ ಮೆತ್ತನೆಯ ಭಾಗದಲ್ಲಿ ಅದರಿಂದಲೇ ಸಣ್ಣ ಕುಳಿ ಕೊರೆದು ಒಳಗೆ ಮೊಟ್ಟೆಯಿಡುತ್ತದೆ.

ಕಚ್ಚುತ್ತಾ? ಮಕ್ಕಳು ಹಿಡಿದುಕೊಂಡು ಆಡ್ತಾರೆ.

ವಿಷವಿಲ್ಲ, ಕುಟುಕುವ ಮುಳ್ಳಿಲ್ಲ. ಕಾಲಿನ ಕೊಕ್ಕೆಗಳಿಂದ ಬೆರಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬಿಡಿಸುವಾಗ ಚುರುಕ್ಕೆನ್ನುತ್ತದೆ, ಅಷ್ಟೆ. ಆಡಿದ ಮೇಲೆ ಹಾರಲು ಬಿಡದಂತೆ ಮಕ್ಕಳಿಗೆ ಹೇಳಿ.

## ಒಂದನ್ನು ಇನ್ನೊಂದು ಎಂದುಕೊಳ್ಳುವುದು

ತಿಪ್ಪೆ ಅಗೆದಾಗ ಬೆರಳು ಗಾತ್ರದ ಬಿಳಿ ಹುಳ ರಾಶಿರಾಶಿ ಸಿಗುತ್ತವಲ್ಲ, ಇದೇ ಹುಳದ ಮರೀನಾ?

ಅಲ್ಲ. ಅತಿ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವುದು ಒಳ್ಳೆಯದು. ತಿಪ್ಪೆಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ ಸಿಗುವುದು ಬಹುಮಟ್ಟಿಗೆ ಕುರುವಾಯಿ ದುಂಬಿಯ ಮರಿ ಅಥವಾ ಅದೇ ಬಳಗದ ಬೇರೆ ಗೊಬ್ಬರದ ಹುಳು. ಅದನ್ನು ಕಡ್ಡಿಯಿಂದ ಹೊರಳಿಸಿ ನೋಡಿದರೆ ಎದೆಯ ಹತ್ತಿರ ಮೂರು ಜೊತೆ ಕಾಲುಗಳು ಸ್ಪಷ್ಟವಾಗಿ ಕಾಣುತ್ತವೆ, ಮುಟ್ಟಿದೊಡನೆ ಕೊಡೆಯ ಹಿಡಿಯಂತೆ ಬಾಗಿ ಮಲಗುತ್ತದೆ. ಕೆಂಪು ಮೂತಿ ಹುಳುವಿನ ಮರಿಗೆ ಕಾಲೇ ಇಲ್ಲ. ನಡು ಉಬ್ಬಿ, ಎರಡು ತುದಿ ಸಣ್ಣಗಾದ, ಕಂದು ತಲೆಯ, ಕೆನೆ ಬಣ್ಣದ ಆ ಮರಿ ತಿಪ್ಪೆಯಲ್ಲಿ ಬದುಕುವುದಿಲ್ಲ. ಅದಕ್ಕೆ ತಾಳೆಯ ಜಾತಿಯ ಮರದ ರಸಭರಿತ ಒಡಲೇ ಬೇಕು.

ದೊಡ್ಡವಾದ ಮೇಲೆ ಇವೆರಡನ್ನು ಬೇರ್ಪಡಿಸುವುದು ಇನ್ನೂ ಸುಲಭ. ಕುರುವಾಯಿ ದುಂಬಿ ಕಪ್ಪಗೆ, ದಪ್ಪಗೆ ಇದ್ದು ತಲೆಯ ಮೇಲೆ ಹಿಂದಕ್ಕೆ ಬಾಗಿದ ಕೊಂಬು ಹೊತ್ತಿರುತ್ತದೆ. ಅದು ಬಿಚ್ಚದ ಸುಳಿಯನ್ನು ಕೊರೆದ ಗುರುತು, ಆ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಓರೆಯಾಗಿ ಕತ್ತರಿಸಿದಂತೆ ಕಾಣುತ್ತದೆ. ಕೆಂಪು ಮೂತಿ ಹುಳು ಗರಿಯ ಮೇಲೆ ಅಂಥ ಗುರುತನ್ನೇನೂ ಬಿಡುವುದಿಲ್ಲ. ಆದರೂ ಇವೆರಡಕ್ಕೂ ಒಳ ಒಪ್ಪಂದ ಇದ್ದಂತಿದೆ: ಕುರುವಾಯಿ ಕೊರೆದ ಗಾಯದ ವಾಸನೆ ಹಿಡಿದು ಕೆಂಪು ಮೂತಿ ಹುಳು ಬಂದು ಅಲ್ಲಿಯೇ ಮೊಟ್ಟೆಯಿಡುತ್ತದೆ. ಆದ್ದರಿಂದ ತಿಪ್ಪೆಯ ಹುಳು ಬೇರೆ ಎಂದು ಅದನ್ನು ಹಾಗೇ ಬಿಟ್ಟುಬಿಡುವಂತಿಲ್ಲ.

ಅಕ್ಕಿ ಮೂಟೆಯಲ್ಲಿ ಬರೋ ಸಣ್ಣ ಹುಳಕ್ಕೂ ಇಂಥದೇ ಮೂತಿ ಇದೆಯಲ್ಲ?

ಚೆನ್ನಾಗಿ ಗಮನಿಸಿದ್ದೀರಿ. ಅಕ್ಕಿ ಹುಳು, ಬಾಳೆಯ ಕಾಂಡ ಕೊರೆಯುವ ಮೂತಿ ಹುಳು ಮತ್ತು ಇದು ಒಂದೇ ಉಪಕುಟುಂಬಕ್ಕೆ ಸೇರಿದ ನೆಂಟರು. ಮೂರು ಮಿಲಿಮೀಟರಿನ ಅಕ್ಕಿ ಹುಳು ಕಾಳಿನೊಳಗೆ ಮಾಡುವುದನ್ನು ಇದು ಇಡೀ ಮರದೊಳಗೆ ಮಾಡುತ್ತದೆ. ಶ್ರೀನಿವಾಸಪುರದ ಮಾವಿನ ಓಟೆಯೊಳಗೆ ಸಿಗುವ ಮೂತಿ ಹುಳು ಇದೇ ದೊಡ್ಡ ಕುಲದ್ದಾದರೂ ದೂರದ ಸಂಬಂಧ.

ಕಾಂಡದಿಂದ ಕೆಂಪು ರಸ ಸೋರ್ತಾ ಇದೆ. ಇದೇ ಹುಳದ ಕೆಲಸ ಅಲ್ವಾ?

ಸೋರುವ ಮರವೆಲ್ಲ ಹುಳು ಬಿದ್ದ ಮರವಲ್ಲ. ತುಮಕೂರು ಜಿಲ್ಲೆಯ ಬಯಲುಸೀಮೆಯ ತೋಟಗಳಲ್ಲಿ ಅಣಬೆ ರೋಗ ಮತ್ತು ಕಾಂಡ ಸೋರುವ ರೋಗ ಎರಡೂ ಇರುವುದರಿಂದ ಗೊಂದಲ ಸಹಜ. ಅಣಬೆ ರೋಗದಲ್ಲಿ ರಸ ಬುಡದಿಂದ ಶುರುವಾಗಿ ಮೇಲೇರುತ್ತದೆ, ಕೊನೆಗೆ ಬುಡದಲ್ಲಿ ಗಟ್ಟಿ ಅಣಬೆ ಮೂಡುತ್ತದೆ. ಕಾಂಡ ಸೋರುವ ರೋಗದಲ್ಲಿ ಸಿಪ್ಪೆಯ ಬಿರುಕುಗಳಿಂದ ಕಂದುಗೆಂಪು ರಸ ಒಸರಿ, ಒಣಗಿ ಕಪ್ಪು ಪಟ್ಟೆಯಾಗುತ್ತದೆ. ಈ ಎರಡರಲ್ಲಿಯೂ ದುಂಡನೆಯ ರಂಧ್ರ ಇರುವುದಿಲ್ಲ, ಅಗಿದ ನಾರು ಹೊರಬರುವುದಿಲ್ಲ. ರಸದ ಜೊತೆಗೆ ರಂಧ್ರ, ರಂಧ್ರದ ಬಾಯಲ್ಲಿ ಒದ್ದೆ ನಾರಿನ ಜಿಗುಟು, ಹತ್ತಿರ ಹೋದರೆ ಹುಳಿ ಹೆಂಡದ ವಾಸನೆ ಇದ್ದರೆ ಮಾತ್ರ ಹುಳುವೆಂದು ತೀರ್ಮಾನಿಸಿ.

## ಹುಳುವಿನ ನೆಲೆ

ಇದು ವಾಸ ಮಾಡೋದು ಮರದಲ್ಲಿ ಎಲ್ಲಿ? ಸುಳಿಯಲ್ಲೋ, ಬೊಡ್ಡೆಯಲ್ಲೋ?

ಮೆತ್ತನೆಯ ಭಾಗ ಎಲ್ಲಿ ಸಿಗುತ್ತದೆಯೋ ಅಲ್ಲಿ. ಎಳೆಯ ಮರದಲ್ಲಿ ಬುಡ ಮತ್ತು ಕಾಂಡ, ಬಲಿತ ಮರದಲ್ಲಿ ಹೆಚ್ಚಾಗಿ ಸುಳಿಯ ಕೆಳಭಾಗ ಮತ್ತು ಗರಿಗಳ ಸಂದು. ಮೊಟ್ಟೆಯಿಂದ ಕೋಶದವರೆಗಿನ ಬದುಕೆಲ್ಲ ಮರದ ಒಳಗೇ ಕಳೆಯುತ್ತದೆ, ದುಂಬಿ ಕೂಡ ಹಾರಾಡದ ಹೊತ್ತಿನಲ್ಲಿ ಎಡೆಮಟ್ಟೆಯ, ಅಂದರೆ ಗರಿಯ ಅಗಲವಾದ ಬುಡದ, ಮರೆಯಲ್ಲಿ ಅಡಗಿರುತ್ತದೆ.

ತುರುವೇಕೆರೆ ಕಡೆಯ ತೋಟವೊಂದರಲ್ಲಿ ಹತ್ತು ವರ್ಷದ ಮರವೊಂದು ಗಾಳಿಗೆ ನಡುವಿನಲ್ಲಿ ಮುರಿದು ಬಿದ್ದಾಗ ಕೊಡಲಿಯಿಂದ ಸೀಳಿಸಿ ನೋಡಿದ್ದೆವು. ಹೊರಗಿನ ಚಿಪ್ಪು ಗಟ್ಟಿಯಾಗಿಯೇ ಇತ್ತು. ಒಳಗೆ ಮಾತ್ರ ಕಬ್ಬಿನ ಸಿಪ್ಪೆಯನ್ನು ಅಗಿದು ಉಗಿದಂಥ ಒದ್ದೆ ನಾರು ತುಂಬಿತ್ತು. ಕೈ ಹಾಕಿದರೆ ಬೆಚ್ಚಗಿತ್ತು, ಏಕೆಂದರೆ ಹುಳುಗಳ ಓಡಾಟಕ್ಕೂ ಒಳಗಿನ ಹುಳಿಯುವಿಕೆಗೂ ಕಾಂಡದ ಒಳಗು ಹೊರಗಿಗಿಂತ ಬಿಸಿಯಾಗುತ್ತದೆ. ಆ ನಾರಿನ ನಡುವೆ ಹೆಬ್ಬೆರಳಿನ ಗಾತ್ರದ ಮರಿಗಳು, ಅವುಗಳ ಪಕ್ಕದಲ್ಲೇ ಅಕ್ಕಿಕಾಳಿನಷ್ಟರ ಮರಿಗಳು, ಚಿಪ್ಪಿಗೆ ಒತ್ತಿಕೊಂಡಂತೆ ನಾರಿನ ಗೂಡುಗಳು, ಎರಡು ಗೂಡಿನ ಒಳಗೆ ಹೊರಬರಲು ಕಾಯುತ್ತಿದ್ದ ಪೂರ್ತಿ ದುಂಬಿಗಳು. ಅಜ್ಜ, ಅಪ್ಪ, ಮೊಮ್ಮಗ ಒಂದೇ ಮನೆಯಲ್ಲಿದ್ದ ಹಾಗೆ ಎಲ್ಲ ಹಂತಗಳೂ ಒಟ್ಟಿಗೇ ಇದ್ದವು. ಹೊರಗೆ ನೆಲ ಬಿರುಕು ಬಿಟ್ಟ ಬೇಸಿಗೆ, ಒಳಗೆ ಅವುಗಳ ಪಾಲಿಗೆ ಮುಗಿಯದ ಮಳೆಗಾಲ. ನಮ್ಮ ಬರವೂ ಬಿಸಿಲೂ ಈ ಹುಳುವನ್ನು ತಟ್ಟದಿರುವುದು ಇದೇ ಕಾರಣಕ್ಕೆ.

ಮೊಟ್ಟೆ, ಮರಿ, ಗೂಡು ಎಷ್ಟೆಷ್ಟು ದಿನ, ಎಷ್ಟೆಷ್ಟು ಗಾತ್ರ?

ಮೊಟ್ಟೆ ಕೆನೆ ಬಣ್ಣದ ಉದ್ದನೆಯ ಕಾಳು, ಸುಮಾರು 2.6 ಮಿಲಿಮೀಟರ್; ಎರಡರಿಂದ ಐದು ದಿನದಲ್ಲಿ ಒಡೆಯುತ್ತದೆ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ 200–300 ಮೊಟ್ಟೆಗಳನ್ನು ಇಡಬಲ್ಲದು. ಮರಿಹುಳು ಒಂದರಿಂದ ಮೂರು ತಿಂಗಳು ತಿನ್ನುತ್ತಾ 50 ಮಿಲಿಮೀಟರ್ ಉದ್ದಕ್ಕೆ ಬೆಳೆಯುತ್ತದೆ. ಬೆಳೆದ ಮರಿ ತಾನು ಅಗಿದ ನಾರನ್ನೇ ಮೈಸುತ್ತ ಸುತ್ತಿಕೊಂಡು, ಸುಮಾರು 60 ಮಿಲಿಮೀಟರ್ ಉದ್ದದ ಉರುಟು ಗೂಡು ಕಟ್ಟಿ ಎರಡು ಮೂರು ವಾರ ಕೋಶವಾಗಿ ಮಲಗುತ್ತದೆ. ಗೂಡು ನೋಡಲು ಸಣ್ಣ ಎಳನೀರಿನ ಸಿಪ್ಪೆಯ ತುಂಡಿನಂತೆ ಇರುವುದರಿಂದ ಎಷ್ಟೋ ಜನ ಕಸವೆಂದು ಎತ್ತಿ ಬದುವಿಗೆ ಎಸೆಯುತ್ತಾರೆ. ದುಂಬಿ ಅಲ್ಲಿಂದಲೇ ಆರಾಮವಾಗಿ ಹಾರಿಹೋಗುತ್ತದೆ. ಹೊರಬಂದ ದುಂಬಿಯ ಆಯುಸ್ಸು ಎರಡು ಮೂರು ತಿಂಗಳು.

ನಮ್ಮ ತಾತ ಹಾಕಿದ ಮರಗಳಿಗೆ ಏನೂ ಆಗಿಲ್ಲ, ಎಂಟು ವರ್ಷದ ಮರ ಬಿತ್ತು. ಇದ್ಯಾವ ನ್ಯಾಯ?

5ರಿಂದ 20 ವರ್ಷದ ಮರಗಳೇ ಈ ಹುಳುವಿಗೆ ಹೆಚ್ಚು ಇಷ್ಟ. ಆ ವಯಸ್ಸಿನಲ್ಲಿ ಕಾಂಡ ಗಾತ್ರಕ್ಕೆ ಬಂದಿರುತ್ತದೆ, ಆದರೆ ಒಳಗೆ ಇನ್ನೂ ಮೆತ್ತಗೆ ರಸ ತುಂಬಿಕೊಂಡಿರುತ್ತದೆ. ತಾತನ ಕಾಲದ ಮರದ ಕಾಂಡ ಬಲಿತು ಗಟ್ಟಿಯಾಗಿರುವುದರಿಂದ ಅಲ್ಲಿ ಸುಳಿಯ ಕಡೆಯಿಂದ ಮಾತ್ರ ದಾರಿ. ತೆಂಗಿಗೆ ಬೆಳೆಯುವ ಮೊಳೆ ಒಂದೇ, ಅದು ಸುಳಿಯಲ್ಲಿದೆ. ಹುಣಸೆ, ಬೇವಿನಂತೆ ಗಾಯದ ಮೇಲೆ ಹೊಸ ತೊಗಟೆ ಬೆಳೆದು ಮುಚ್ಚುವ ಗುಣವೂ ಅದಕ್ಕಿಲ್ಲ. ಹೀಗಾಗಿ ಬೇರೆ ಮರಕ್ಕೆ ಗಾಯವಾದದ್ದು ತೆಂಗಿಗೆ ಮರಣವಾಗುತ್ತದೆ.

ತೆಂಗು ಬಿಟ್ಟರೆ ಬೇರೆ ಯಾವ ಮರದಲ್ಲಿರುತ್ತೆ? ಅಡಿಕೆಗೂ ಬರುತ್ತಾ?

ತಾಳೆಯ ಕುಟುಂಬದ ಮರಗಳೇ ಇದರ ಮನೆ. ನಮ್ಮ ಕಡೆ ಹಳ್ಳದ ದಂಡೆಯ, ಕೆರೆಯಂಗಳದ ಈಚಲು, ಒಣನೆಲದ ತಾಳೆ, ಮಲೆನಾಡಿನ ಅಂಚಿನ ಬಗನಿ, ಎಣ್ಣೆತಾಳೆ, ಪಟ್ಟಣದ ಉದ್ಯಾನಗಳಲ್ಲಿ ಅಂದಕ್ಕೆ ನೆಟ್ಟ ಪಾಮ್ ಗಿಡಗಳು, ಇವೆಲ್ಲದರಲ್ಲೂ ಇದು ಬದುಕಬಲ್ಲದು. ಅಡಿಕೆಯೂ ಪಟ್ಟಿಯಲ್ಲಿದೆ, ಆದರೆ ತೆಂಗಿನಷ್ಟು ಹಾವಳಿ ಅಲ್ಲಿಲ್ಲ. ಮಾವು, ಹಲಸು, ಹುಣಸೆಗೆ ಬರುವುದಿಲ್ಲ. ತೋಟದ ಬೇಲಿಯಲ್ಲಿ ಈಚಲಿದ್ದರೆ ಅದನ್ನೂ ವರ್ಷಕ್ಕೊಮ್ಮೆ ಸುತ್ತಿ ನೋಡುವ ಅಭ್ಯಾಸವಿರಲಿ.

ಮರದೊಳಗೆ ಹುಳ ಸೇರಿದೆ ಅಂತ ಹೊರಗಿನಿಂದ ಹೇಗೆ ಗೊತ್ತಾಗುತ್ತೆ? ನಮಗೆ ಸುಳಿ ಒಣಗಿದ ಮೇಲೇ ಗೊತ್ತಾಗೋದು.

ಸುಳಿ ಒಣಗುವ ಹೊತ್ತಿಗೆ ಒಳಗಿನ ಕೆಲಸ ಬಹುತೇಕ ಮುಗಿದಿರುತ್ತದೆ. ಮೊದಲ ತಿಂಗಳುಗಳಲ್ಲಿ ಮರ ಮಾತಾಡುವುದು ಸಣ್ಣ ದನಿಯಲ್ಲಿ. ಕಾಂಡದ ಮೇಲೆ ಸಣ್ಣ ರಂಧ್ರ, ರಂಧ್ರದಿಂದ ಕಂದು ಬಣ್ಣದ ಅಂಟು ರಸ, ಹೊರಕ್ಕೆ ನೂಕಿದ ಅಗಿದ ನಾರು. ಎಡೆಮಟ್ಟೆ ಉದ್ದಕ್ಕೆ ಸೀಳುವುದು. ಒಳಸುತ್ತಿನ ಗರಿಗಳು ಹಳದಿಯಾಗಿ ಬಾಡುವುದು. ಒಳಸುತ್ತಿನ ಗರಿ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಹೊರಸುತ್ತಿನ ಹಳೆಯ ಗರಿ ಹಳದಿಯಾಗುವುದು ನೀರು, ಗೊಬ್ಬರ, ವಯಸ್ಸು ಎಂಬ ಬೇರೆ ಕಾರಣಗಳಿಂದಲೂ ಆಗುತ್ತದೆ.

ಕಣ್ಣಿಗಿಂತ ಕಿವಿ ಬೇಗ ಹೇಳುತ್ತದೆ. ಸಂಜೆ ಪಂಪು ನಿಂತು ತೋಟ ಸದ್ದಡಗಿದ ಮೇಲೆ ಅನುಮಾನವಿರುವ ಮರದ ಕಾಂಡಕ್ಕೆ ಕಿವಿಯೊತ್ತಿ ಎರಡು ನಿಮಿಷ ಉಸಿರು ಬಿಗಿಹಿಡಿದು ನಿಂತರೆ, ಒಣ ರೊಟ್ಟಿಯನ್ನು ಯಾರೋ ಗೋಡೆಯಾಚೆ ಕುಳಿತು ಅಗಿಯುತ್ತಿರುವಂಥ ಕರಕರ ಸದ್ದು ಕೇಳುತ್ತದೆ. ಕೆಲವು ದೇಶಗಳಲ್ಲಿ ಇದೇ ಸದ್ದನ್ನು ಹಿಡಿಯುವ ಸೂಕ್ಷ್ಮ ಉಪಕರಣಗಳನ್ನು ಮರಕ್ಕೆ ಕಟ್ಟುತ್ತಾರೆ, ವಾಸನೆ ಹಿಡಿಯಲು ನಾಯಿಗಳನ್ನೂ ಪಳಗಿಸಿದ್ದಾರೆ. ನಮ್ಮ ಕಾಯಿ ಕೀಳುವವರು ಸುಳಿಯ ಹತ್ತಿರ ಕುಳಿತಾಗಲೇ ಹುಳಿ ವಾಸನೆ ಬಂತೆಂದು ಕೂಗಿ ಹೇಳುವುದುಂಟು. ಆ ಮಾತನ್ನು ತಳ್ಳಿಹಾಕಬೇಡಿ.

## ಇನ್ನಷ್ಟು ಒಳಹೊಕ್ಕ ಪ್ರಶ್ನೆಗಳು

ಹಸಿ ಗರಿ ಕಡಿದರೆ ಹುಳ ಬರುತ್ತೆ ಅಂತಾರೆ. ನಿಜವಾ?

ನಿಜ. ಹಸಿ ಗಾಯದಿಂದ ಹೊರಡುವ, ಹುಳಿಯಲು ತೊಡಗಿದ ರಸದ ವಾಸನೆ ದುಂಬಿಗೆ ಕರೆಯೋಲೆ. ಕತ್ತಿಯೇಟಿನ ಕಚ್ಚು, ಟ್ರ್ಯಾಕ್ಟರ್ ನೇಗಿಲು ಉಜ್ಜಿದ ಬುಡ, ಹತ್ತಲು ಕೊರೆದ ಮೆಟ್ಟಿಲು, ಸುಳಿ ಕೊಳೆ ರೋಗ, ಎಲ್ಲವೂ ಬಾಗಿಲೇ. ಅನಿವಾರ್ಯವಾಗಿ ಹಸಿ ಗರಿ ಕಡಿಯಬೇಕಾದಾಗ ಕಾಂಡಕ್ಕೆ ಒತ್ತಿ ಕಡಿಯದೆ ಸುಮಾರು ನಾಲ್ಕು ಅಡಿ ದಂಟು ಬಿಟ್ಟು ಕಡಿಯಬೇಕೆಂಬ ಸಲಹೆಯ ಹಿಂದಿರುವುದು ಈ ಲೆಕ್ಕ: ದಂಟಿನ ತುದಿಯಲ್ಲಿ ಇಟ್ಟ ಮೊಟ್ಟೆಯಿಂದ ಬಂದ ಮರಿ ಕಾಂಡದವರೆಗೆ ಕೊರೆಯುತ್ತ ತಲುಪುವ ಮುನ್ನವೇ ದಂಟು ಒಣಗಿರುತ್ತದೆ. ತೋಟ ಚೊಕ್ಕಟವಾಗಿ ಕಾಣಲೆಂದು ನುಣ್ಣಗೆ ಹೆರೆಸುವವರು ಇದನ್ನು ಒಪ್ಪುವುದಿಲ್ಲ. ಒಪ್ಪುವುದು ಒಳ್ಳೆಯದು.

ಬಕೆಟ್ ಬಲೆಗೆ ದುಂಬಿ ಬಂದು ಬೀಳೋದು ಹೇಗೆ? ಕಟ್ಟಿದ ಮೇಲೆ ಹುಳ ಜಾಸ್ತಿ ಆಯ್ತು ಅನ್ನಿಸ್ತು.

ಆಹಾರ ಸಿಕ್ಕ ಗಂಡು ದುಂಬಿ ಒಂದು ಬಗೆಯ ಗಂಧವನ್ನು ಹೊರಬಿಟ್ಟು ಗಂಡು, ಹೆಣ್ಣು ಎರಡನ್ನೂ ಆ ಮರಕ್ಕೆ ಕರೆಯುತ್ತದೆ. 1993ರಲ್ಲಿ ಈ ಗಂಧದ ಮುಖ್ಯ ಅಂಶವನ್ನು ಗುರುತಿಸಿ ಫೆರುಜಿನಿಯಾಲ್ ಎಂದು ಹೆಸರಿಟ್ಟರು. ಬಲೆಯಲ್ಲಿ ತೂಗುಹಾಕುವ ಸಣ್ಣ ಪೊಟ್ಟಣದಲ್ಲಿರುವುದು ಅದರ ಕೃತಕ ರೂಪ. ಗಂಧವೊಂದೇ ಸಾಲದು, ಜೊತೆಗೆ ಹುಳಿಯುವ ಬಾಳೆಹಣ್ಣು, ಕಬ್ಬು ಅಥವಾ ಬೆಲ್ಲದ ನೀರು ಇರಲೇಬೇಕು; ಅದು ಒಣಗಿದ ಬಲೆ ಬರಿಯ ಬಕೆಟ್ಟು. ನಿಮ್ಮ ಅನುಮಾನದಲ್ಲೂ ಹುರುಳಿದೆ. ಕರೆ ಕೇಳಿ ಬಂದ ದುಂಬಿಗಳೆಲ್ಲ ಬಕೆಟ್ಟಿಗೇ ಬೀಳುವುದಿಲ್ಲ, ಕೆಲವು ಪಕ್ಕದ ಮರದಲ್ಲಿ ಇಳಿಯುತ್ತವೆ. ಎಳೆಯ ತೆಂಗಿನ ನಡುವೆ ಕಟ್ಟದೆ ತೋಟದ ಅಂಚಿನಲ್ಲಿ, ಬೇರೆ ಜಾತಿಯ ಮರಕ್ಕೆ ಕಟ್ಟಿ. ಹೆಕ್ಟೇರಿಗೆ ಒಂದು ಸಾಕು. ದುಂಬಿ ಹಗಲಿನಲ್ಲಿ ಚೆನ್ನಾಗಿಯೇ ಹಾರುವುದರಿಂದ ಒಬ್ಬರ ತೋಟದಲ್ಲಷ್ಟೇ ಬಲೆಯಿದ್ದರೆ ಊರಿನ ಹುಳುವನ್ನೆಲ್ಲ ತಾವೇ ಕರೆಸಿಕೊಂಡಂತಾಗುತ್ತದೆ. ಅಕ್ಕಪಕ್ಕದವರು ಕೂಡಿ ಮಾಡುವ ಕೆಲಸ ಇದು. ಕಟ್ಟುವ ವಿಧಾನವನ್ನು ಕೋನೇಹಳ್ಳಿ ಅಥವಾ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬಹುದು.

ಇದೂ ರುಗೋಸ್ ಬಿಳಿನೊಣದ ಥರ ಹೊರದೇಶದಿಂದ ಬಂದದ್ದಾ?

ಇಲ್ಲ, ಇಲ್ಲಿಂದ ಹೋದದ್ದು. ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಇದರ ತವರು. 1980ರ ದಶಕದ ನಡುವೆ ಕೊಲ್ಲಿ ದೇಶಗಳ ಖರ್ಜೂರದ ತೋಟಗಳಲ್ಲಿ ಕಾಣಿಸಿಕೊಂಡಿತು, 1992ರ ಹೊತ್ತಿಗೆ ಈಜಿಪ್ಟ್, ಅದರ ಬೆನ್ನಿಗೇ ಸ್ಪೇನ್, ಆಮೇಲೆ ಮೆಡಿಟರೇನಿಯನ್ ಕರಾವಳಿಯ ಉದ್ದಕ್ಕೂ ಹರಡಿತು. ಅಷ್ಟು ದೂರ ರೆಕ್ಕೆ ಬಡಿದು ಹೋದದ್ದಲ್ಲ. ಮಾರಾಟಕ್ಕೆ ಸಾಗಿಸಿದ ಪಾಮ್ ಗಿಡಗಳ ಒಡಲಲ್ಲಿ ಕುಳಿತು ಹೋಯಿತು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ರೋಮ್‌ನಲ್ಲಿ ಇದೊಂದೇ ಹುಳುವಿಗಾಗಿ ಅಂತರರಾಷ್ಟ್ರೀಯ ಸಭೆ ಸೇರಿಸಿತು. ನರ್ಸರಿಯಿಂದ ದೊಡ್ಡ ಗಾತ್ರದ ಪಾಮ್ ತಂದು ಮನೆ ಮುಂದೆ ನೆಡುವವರು ಈ ಕಥೆಯನ್ನು ನೆನಪಿಟ್ಟುಕೊಂಡು ಕಾಂಡವನ್ನು ಒಮ್ಮೆ ಸುತ್ತಿ ನೋಡಲಿ.

ಫೋಟೊ ಒಂದರಲ್ಲಿ ಪೂರ್ತಿ ಕಪ್ಪು ಮೈ, ಬೆನ್ನ ಮೇಲೆ ಒಂದೇ ಕೆಂಪು ಪಟ್ಟೆ ಇತ್ತು. ಅದೂ ಇದೇನಾ?

ಅದು ಬಹುಶಃ ಇದರ ಹತ್ತಿರದ ಸೋದರ, ರಿಂಕೋಫೋರಸ್ ವಲ್ನರೇಟಸ್. ಮಲೇಷ್ಯಾ, ಇಂಡೋನೇಷ್ಯಾ ಕಡೆಯದು. ಬಣ್ಣಗಳು ಒಂದರೊಳಗೊಂದು ಬೆರೆತು ಕಾಣುವುದರಿಂದ ಎರಡೂ ಒಂದೇ ಪ್ರಭೇದ ಎಂದು ಕೆಲವು ಕಾಲ ನಂಬಲಾಗಿತ್ತು. 2013ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಅವು ಬೇರೆಬೇರೆ ಎಂದು ತೋರಿಸಿತು. 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ದುಂಬಿಯನ್ನು ಮೊದಲು ನಮ್ಮ ಕೆಂಪು ಮೂತಿ ಹುಳುವೆಂದೇ ಬಗೆದಿದ್ದರು, ಆಮೇಲೆ ಈ ಪಟ್ಟೆಯ ಸೋದರನೆಂದು ತಿದ್ದಿಕೊಂಡರು.

ಬಿದ್ದ ಮರಾನ ಹಾಗೇ ಬದುವಿಗೆ ಎಳೆದು ಹಾಕಿದೀವಿ. ಸತ್ತ ಮರದಲ್ಲಿ ಹುಳ ಇನ್ನೇನು ಮಾಡುತ್ತೆ?

ಸತ್ತದ್ದು ಮರ, ಹುಳುವಲ್ಲ. ಕಾಂಡದಲ್ಲಿ ರಸವಿರುವಷ್ಟು ದಿನ ಮರಿಗಳು ತಿನ್ನುತ್ತಲೇ ಇರುತ್ತವೆ, ಗೂಡುಗಳಿಂದ ದುಂಬಿಗಳು ಹೊರಬರುತ್ತಲೇ ಇರುತ್ತವೆ, ಅವು ಇಳಿಯುವುದು ನಿಮ್ಮದೇ ಸಾಲಿನ ಮುಂದಿನ ಮರದ ಮೇಲೆ. ಅದು ಒಣಗಿದ ಮೇಲೆ ಅದೇ ಬೊಡ್ಡೆ ಕೊಳೆತು ಕುರುವಾಯಿಗೆ ಹೆರಿಗೆಮನೆಯಾಗುತ್ತದೆ. ಸುಳಿಯ ಭಾಗವನ್ನೂ ರಂಧ್ರವಿರುವ ಕಾಂಡವನ್ನೂ ಈ ವಾರದಲ್ಲೇ ಉದ್ದಕ್ಕೆ ಸೀಳಿಸಿ, ಸಿಕ್ಕ ಮರಿ, ಗೂಡು, ದುಂಬಿಗಳನ್ನು ಆಯ್ದು ನಾಶಮಾಡಿ, ಒಳಗಿನ ಒದ್ದೆ ನಾರನ್ನು ಹರಡಿ ಒಣಗಿಸಿ ಸುಟ್ಟುಬಿಡಿ.